ಹಲಗೆ ಮುಗಿದರೂ ನಿಲ್ಲದ ಕೈ

ಮರಗೆಲಸದ ಕೋಣೆಯಲ್ಲಿ ರೋಗಿಯೊಬ್ಬ ಉಜ್ಜುಗೊರಡು ಹಿಡಿದು ಹಲಗೆ ಕೀಸುತ್ತಿದ್ದ. ಸವೆದು ಸವೆದು ಹಲಗೆ ಮುಗಿದೇ ಹೋಯಿತು. ಕೈ ಮಾತ್ರ ನಿಲ್ಲಲಿಲ್ಲ, ಕೆಳಗಿದ್ದ ಮೇಜನ್ನೇ ಕೀಸತೊಡಗಿತು. ರಷ್ಯಾದ ವೈದ್ಯ ಅಲೆಕ್ಸಾಂಡರ್ ಲೂರಿಯಾ ದಾಖಲಿಸಿದ ಪ್ರಸಂಗವಿದು. ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವನಿಗೆ ಕೈಯಲ್ಲಿ ಬಲವಿತ್ತು, ಕೆಲಸವೂ ಗೊತ್ತಿತ್ತು. ‘ಸಾಕು’ ಎಂದು ತನ್ನನ್ನು ತಾನೇ ತಡೆದುಕೊಳ್ಳುವ ಅಂಕೆ ತಪ್ಪಿತ್ತು.

1902ರಲ್ಲಿ ಕಜಾನ್‌ನಲ್ಲಿ ಹುಟ್ಟಿದ ಲೂರಿಯಾ ಮೊದಲು ಮನಶ್ಶಾಸ್ತ್ರಜ್ಞ. ಆಮೇಲೆ ವೈದ್ಯಕೀಯ ಓದಿ 1937ರಲ್ಲಿ ಪದವಿ ಪಡೆದರು. ಎರಡನೇ ಮಹಾಯುದ್ಧ ಬಂದಾಗ ಉರಲ್ ಸೀಮೆಯಲ್ಲಿ 400 ಹಾಸಿಗೆಯ ಪುನಶ್ಚೇತನ ಆಸ್ಪತ್ರೆ ಕಟ್ಟುವ ಹೊಣೆ ಅವರ ಹೆಗಲಿಗೆ ಬಿತ್ತು. ತಲೆಗೆ ಗುಂಡು, ಸಿಡಿಚೂರು ಹೊಕ್ಕಿದ್ದ ಸೈನಿಕರೇ ಅಲ್ಲಿನ ರೋಗಿಗಳು.

ತಡೆದುಕೊಳ್ಳುವ ಅಂಕೆ ತಪ್ಪಿದೆಯೇ ಎಂದು ನೋಡುವ ಲೂರಿಯಾ ಅವರ ಪರೀಕ್ಷೆಗಳಿಗೆ ಯಂತ್ರವೇ ಬೇಡ. ಮುಷ್ಟಿ, ಕೈಯಂಚು, ಚಾಚಿದ ಅಂಗೈ: ಮೂರನ್ನೂ ಇದೇ ಸರದಿಯಲ್ಲಿ ಮೇಜಿನ ಮೇಲೆ ಇಡುತ್ತಾ ಹೋಗಬೇಕು. ಅಥವಾ, ‘ನಾನು ಒಮ್ಮೆ ತಟ್ಟಿದರೆ ನೀನು ಎರಡು ಸಲ ತಟ್ಟು.’ ರೋಗಿ ಸೂಚನೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ, ತಟ್ಟುವಾಗ ಮಾತ್ರ ವೈದ್ಯರಂತೆ ಒಮ್ಮೆಯೇ ತಟ್ಟುತ್ತಾನೆ. ಬೈಕಿನಿಂದ ಬಿದ್ದು ತಲೆಗೆ ಏಟಾದ ಮಗನನ್ನು ‘ಎಲ್ಲಾ ಗೊತ್ತು, ಬೇಕಂತಲೇ ಮಾಡಲ್ಲ’ ಎಂದು ಗದರುವ ಮನೆಯವರಿಗೆ ಇದೊಂದನ್ನು ಕಣ್ಣಾರೆ ತೋರಿಸಬೇಕು. ತಿಳಿದದ್ದನ್ನು ಮಾಡಿಸುವುದೂ ಮೆದುಳಿನದೇ ಕೆಲಸ, ಆ ಭಾಗಕ್ಕೂ ಗಾಯವಾಗುತ್ತದೆ.

ಒಳಗಿನ ಅಂಕೆ ತಪ್ಪಿದ್ದರೆ ಹೊರಗಿನಿಂದ ಆಸರೆ ಕೊಡು, ಇದು ಲೂರಿಯಾ ಚಿಕಿತ್ಸೆಯ ಜೀವಾಳ. ಕತೆ ಹೇಳಲು ಹೊರಟು ಎರಡನೇ ಮಾತಿಗೇ ತಡವರಿಸುವ ರೋಗಿಗೆ ಅವರು ಚೀಟಿಗಳನ್ನು ಕೊಟ್ಟರು. ಹೊಳೆದದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು ಆಮೇಲೆ ಜೋಡಿಸಿಕೊಳ್ಳಬಹುದು. ‘ಆದರೆ’, ‘ಆಮೇಲೆ’, ‘ಆದ್ದರಿಂದ’ ಎಂಬಂಥ ಕೊಂಡಿಮಾತುಗಳ ಪಟ್ಟಿಯೂ ಕಣ್ಣೆದುರು ಇರುತ್ತಿತ್ತು. ಚೀಟಿಯಿಂದ ಚೀಟಿಗೆ ಹೋಗುತ್ತಾ ಮಾತು ಮುಂದೆ ಸಾಗುತ್ತಿತ್ತು.

1943ರಲ್ಲಿ ಗುಂಡೇಟು ತಿಂದ ಸೈನಿಕ, ಲೂರಿಯಾ ಅವರ ರೋಗಿ ಜಸೆಟ್ಸ್ಕಿಯದು ಬೇರೆ ಕತೆ. ಗಾಯ ತಲೆಯ ಎಡಭಾಗದಲ್ಲಿ, ಹಿಂದಕ್ಕೆ. ಓದು ಮರೆತಿತ್ತು, ಅಕ್ಷರ ನೆನಪಿಗೆ ಬರುತ್ತಿರಲಿಲ್ಲ, ಲೋಕವೇ ಚೂರುಚೂರಾಗಿ ಕಾಣುತ್ತಿತ್ತು. ಆದರೆ ಮೆದುಳಿನ ಮುಂಭಾಗ ಉಳಿದಿತ್ತು. ಹಾಗಾಗಿ ತನಗೇನು ಹೋಗಿದೆ ಎಂಬುದು ಅವನಿಗೆ ಗೊತ್ತಿತ್ತು, ಹಟವೂ ಇತ್ತು. ಅಕ್ಷರಗಳನ್ನು ಯೋಚಿಸದೆ, ಕೈ ಎತ್ತದೆ ಬರೆ ಎಂದು ವೈದ್ಯರು ಹೇಳಿಕೊಟ್ಟರು. ಕೈಗೆ ಹಳೆಯ ರೂಢಿ ಉಳಿದಿತ್ತು, ಪದ ಮೂಡಿತು. ತಾನು ಬರೆದದ್ದನ್ನು ಓದಲು ಒದ್ದಾಡುತ್ತಲೇ ಅವನು ಸುಮಾರು 25 ವರ್ಷಗಳಲ್ಲಿ 3,000 ಪುಟ ಬರೆದ. ಆ ಪುಟಗಳಿಗೆ ತಮ್ಮ ವಿವರಣೆ ಸೇರಿಸಿ ಲೂರಿಯಾ 1971ರಲ್ಲಿ ಪುಸ್ತಕ ತಂದರು. ಅದರಲ್ಲಿ ರೋಗಿ ತನ್ನ ಬವಣೆಯನ್ನು ತಾನೇ ಹೇಳುತ್ತಾನೆ.