ಪಣಂಬೂರು ದಾಟಿದ ಮೇಲೆ ಸಿಗ್ನಲ್ ಎಲ್ಲಿಂದ?

ನವೆಂಬರ್ ಹಿಡಿಯಿತೆಂದರೆ ಪಣಂಬೂರಿನ ಕಡಲ ಕಿನಾರೆಗೆ ಹೋದವರಿಗೆ ಆಗೊಮ್ಮೆ ಈಗೊಮ್ಮೆ ಬಿಳಿ ಹಡಗೊಂದು ಕಾಣಸಿಗುತ್ತದೆ. ಕಚ್ಚಾತೈಲ, ಕಲ್ಲಿದ್ದಲು ತರುವ ಹಡಗುಗಳ ನಡುವೆ ಅದು ಹತ್ತು ಮಾಳಿಗೆಯ ಕಟ್ಟಡವೊಂದು ತೇಲಿಬಂದ ಹಾಗೆ ನಿಂತಿರುತ್ತದೆ. ಬೆಳಿಗ್ಗೆ ಇಳಿದ ಪ್ರವಾಸಿಗರು ಬಸ್ಸು ಹತ್ತಿ ಕುದ್ರೋಳಿಗೆ, ಸಂತ ಅಲೋಶಿಯಸ್ ಚಾಪೆಲ್ಲಿಗೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿಬರುತ್ತಾರೆ. ಸಂಜೆಗೆ ಹಡಗು ಹೊರಟುಬಿಡುತ್ತದೆ. ಕೋವಿಡ್ ಕಾಲದಲ್ಲಿ ನಿಂತಿದ್ದ ಈ ಓಡಾಟ 2022ರ ನವೆಂಬರ್ 28ರಂದು ಯೂರೋಪಾ 2 ಹಡಗು ನವಮಂಗಳೂರು ಬಂದರಿಗೆ ಬರುವುದರೊಂದಿಗೆ ಮತ್ತೆ ಶುರುವಾಯಿತು.

ನೋಡುವಷ್ಟಕ್ಕೆ ನಿಲ್ಲದೆ ನಮ್ಮೂರಿನವರೂ ಈಗ ಹಡಗು ಹತ್ತುತ್ತಿದ್ದಾರೆ. ಮುಂಬೈಯಿಂದ, ಕೊಚ್ಚಿಯಿಂದ, ಮಕ್ಕಳು ಗಲ್ಫಿನಲ್ಲಿದ್ದರೆ ದುಬೈಯಿಂದ. ಹೊರಡುವ ಮೊದಲು ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ವಾಟ್ಸ್‌ಆ್ಯಪ್ ಸಿಗುತ್ತದೆಯೇ? ವಾಂತಿ ಬರುತ್ತದೆಯೇ? ಇನ್ಶೂರೆನ್ಸ್ ಬೇಕೇ? ಏಜೆಂಟರು ಕೊಡುವ ಉತ್ತರ ಪ್ಯಾಕೇಜಿನ ಬೆಲೆಯಲ್ಲಿ ಮುಗಿಯುತ್ತದೆ. ನನಗೆ ಅನ್ನಿಸುವುದು, ಬೆಲೆ ನೋಡುವ ಮೊದಲು ಆ ಸೌಲಭ್ಯ ನಡುಗಡಲಿಗೆ ಹೇಗೆ ಬಂದು ಮುಟ್ಟುತ್ತದೆ ಎಂದು ತಿಳಿದುಕೊಳ್ಳಬೇಕು. ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಮೊಬೈಲ್ ತೆಗೆದರೆ ಸಿಗ್ನಲ್, ಆಟೋ ಹತ್ತಿದರೆ ಆಸ್ಪತ್ರೆ. ಕಡಲಿನಲ್ಲಿ ಇವುಗಳಲ್ಲಿ ಒಂದೊಂದನ್ನೂ ಹಡಗಿನೊಳಗೇ ತಯಾರಿಸಬೇಕು, ಇಲ್ಲವೇ ಬಹುದೂರದಿಂದ ತರಿಸಬೇಕು.

ಮೊದಲು ಮೊಬೈಲ್. ದಡದ ಟವರಿನ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ, ಭೂಮಿಯಾದರೋ ಬಾಗಿದೆ. 50 ಮೀಟರ್ ಎತ್ತರದ ಟವರು ಮತ್ತು ನೀರಿನಿಂದ 30 ಮೀಟರ್ ಮೇಲಿನ ಡೆಕ್ಕಿನಲ್ಲಿ ನಿಂತ ನೀವು ಒಬ್ಬರಿಗೊಬ್ಬರು ಕಾಣುವುದು ಲೆಕ್ಕದ ಪ್ರಕಾರ ಸುಮಾರು 45 ಕಿಲೋಮೀಟರಿನವರೆಗೆ. ಸಿಗ್ನಲ್ ಅದಕ್ಕೂ ಮೊದಲೇ ಸೊರಗುತ್ತದೆ. 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್ ವೇಗದಲ್ಲಿ ಹೋಗುವ ಹಡಗು ಸುಮಾರು ಒಂದೂಕಾಲು ಗಂಟೆಯಲ್ಲಿ ನಿಮ್ಮನ್ನು ಆ ಗೆರೆಯ ಆಚೆ ದಾಟಿಸುತ್ತದೆ. ದಕ್ಕೆಯಿಂದ ಆಳಸಮುದ್ರಕ್ಕೆ ಹೋಗುವ ನಮ್ಮ ಬೋಟಿನವರಿಗೆ ಇದು ಹೊಸ ವಿಷಯವಲ್ಲ. ಅವರು ವಯರ್‌ಲೆಸ್ ಸೆಟ್ಟನ್ನು ನಂಬುತ್ತಾರೆ, ಮೊಬೈಲನ್ನಲ್ಲ.

ಆಮೇಲೆ ಉಳಿಯುವುದು ಆಕಾಶದ ದಾರಿ. ಬಿಳಿ ಹಡಗಿನ ನೆತ್ತಿಯನ್ನು ಒಮ್ಮೆ ಗಮನಿಸಿ ನೋಡಿ. ಚಿಮಣಿಯ ಆಸುಪಾಸಿನಲ್ಲಿ ದೊಡ್ಡ ಬಿಳಿ ಗುಂಡುಗಳಿರುತ್ತವೆ, ನೀರಿನ ಟ್ಯಾಂಕಿಯೆಂದು ಮಕ್ಕಳು ತಿಳಿಯುವಂಥವು. ಒಳಗಿರುವುದು ಡಿಶ್ ಆ್ಯಂಟೆನಾ. ಹೊರಗಿನ ಗುಂಡು ಗಾಳಿ, ಉಪ್ಪುನೀರು ತಡೆಯುವ ಕವಚ. ರೇಡಿಯೋ ಅಲೆಗಳಿಗೆ ಅದು ಅಡ್ಡಿಯಲ್ಲ. ಹಡಗು ಎಡಬಲಕ್ಕೆ ತೂಗಿದರೂ, ದಿಕ್ಕು ತಿರುಗಿಸಿದರೂ, ಒಳಗಿನ ಮೋಟಾರುಗಳು ಡಿಶ್ಶನ್ನು ಮರುಕ್ಷಣವೇ ಹಿಮ್ಮುಖವಾಗಿ ಹೊರಳಿಸಿ ಅದರ ದೃಷ್ಟಿಯನ್ನು ಒಂದೇ ಉಪಗ್ರಹದ ಮೇಲೆ ನೆಡುತ್ತವೆ. ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವ ಮೀನುಗಾರ ಹೆಂಗಸಿನ ಕುತ್ತಿಗೆ ಮಾಡುವ ಕೆಲಸವೇ ಅದು.

ಆ ಉಪಗ್ರಹ ಇರುವುದು ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಒಂದು ಸುತ್ತಿಗೆ ಭೂಮಿಯ ಒಂದು ಸುತ್ತಿನಷ್ಟೇ ಕಾಲ ಹಿಡಿಯುವುದರಿಂದ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಭಾರತದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ನಮಗೆ ದೂರವೇನಲ್ಲ, ಶಿರಾಡಿ ಘಾಟಿ ಹತ್ತಿದರೆ ಸಿಗುವ ಹಾಸನದಲ್ಲಿದೆ. ನಿಮ್ಮ ಮನೆ ಮಾಡಿನ ಟಿವಿ ಡಿಶ್ ಮಾತು ಕೇಳುವುದೂ ಇದೇ ಎತ್ತರದ ಉಪಗ್ರಹದ್ದೇ. ಜುಲೈಯ ಜಡಿಮಳೆಗೆ ಚಿತ್ರ ಮಾಯವಾಗುವುದನ್ನು ನೋಡಿದ್ದೀರಷ್ಟೆ? ದಪ್ಪ ಮಳೆಹನಿಗಳು ಅಲೆಗಳನ್ನು ಹೀರಿಕೊಳ್ಳುತ್ತವೆ. ಹಡಗಿನ ಇಂಟರ್ನೆಟ್ಟಿಗೂ ಅದೇ ಕಥೆ.

ತೊಡಕು ಆ ದೂರದಲ್ಲಿದೆ. ನೀವು ‘ಕಳಿಸು’ ಒತ್ತಿದಾಗ ಅಲೆ 36,000 ಕಿಲೋಮೀಟರ್ ಏರಿ ಅಷ್ಟೇ ಇಳಿಯಬೇಕು. ಉತ್ತರವೂ ಅದೇ ದಾರಿಯಲ್ಲಿ ಬರಬೇಕು. ಒಟ್ಟು 1,44,000 ಕಿಲೋಮೀಟರ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೇ ಇದಕ್ಕೆ ಅರ್ಧ ಸೆಕೆಂಡು ಬೇಕು. ಎಷ್ಟು ದುಡ್ಡು ಸುರಿದರೂ ಈ ಅರ್ಧ ಸೆಕೆಂಡು ಕಡಿಮೆಯಾಗದು. ಬರೆದು ಕಳಿಸಿದ ಸಂದೇಶಕ್ಕೆ ಅದರಿಂದ ತೊಂದರೆಯಿಲ್ಲ. ವಿಡಿಯೋ ಕರೆಯಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರುಮಾಡುವ ಪಾಡಾಗುತ್ತದೆ.

ಈಚಿನ ಸ್ಟಾರ್‌ಲಿಂಕ್‌ನಂಥ ವ್ಯವಸ್ಥೆ ಈ ದೂರವನ್ನೇ ಕುಗ್ಗಿಸಿತು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಹಾರುತ್ತವೆ, ಒಂದೂವರೆ ಗಂಟೆಗೊಮ್ಮೆ ಭೂಮಿಗೆ ಸುತ್ತು ಬರುತ್ತವೆ. ಒಂದು ಉಪಗ್ರಹ ನೆತ್ತಿಯ ಮೇಲಿರುವುದು ಕೆಲವೇ ನಿಮಿಷ. ಅದು ಜಾರುವಷ್ಟರಲ್ಲಿ ಇನ್ನೊಂದು ಕೈಹಿಡಿಯಬೇಕು. ಅದಕ್ಕಾಗಿಯೇ ಸಾವಿರಾರು ಉಪಗ್ರಹ. ರಾಯಲ್ ಕೆರಿಬಿಯನ್ ಕಂಪನಿ 2022ರಲ್ಲಿ ತನ್ನ ಹಡಗುಗಳಿಗೆ ಇದನ್ನು ಅಳವಡಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಪ್ಯಾಕೇಜು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಹಡಗಿನಲ್ಲಿರುವುದು ಎತ್ತರದ ಉಪಗ್ರಹದ ಇಂಟರ್ನೆಟ್ಟೋ ತಗ್ಗಿನದ್ದೋ ಎಂಬುದು. ಎರಡನೆಯದು, ಭಾರತದ ನೀರಿನಲ್ಲಿರುವಾಗ ಅದು ನಡೆಯುತ್ತದೆಯೇ ಎಂಬುದು. ಹಡಗು, ವಿಮಾನಗಳ ಇಂಟರ್ನೆಟ್ಟಿಗೆ ನಮ್ಮಲ್ಲಿ 2018ರಿಂದ ಪ್ರತ್ಯೇಕ ನಿಯಮವಿದೆ, ಪರವಾನಗಿ ಬೇಕು. ಸ್ಯಾಟಲೈಟ್ ಫೋನನ್ನಂತೂ ಅನುಮತಿಯಿಲ್ಲದೆ ಜೊತೆಗೆ ತರಲೇಬೇಡಿ. ಅದು ಇಲ್ಲಿ ಅಪರಾಧ, ವಿದೇಶದಿಂದ ಬರುವ ನೆಂಟರಿಗೂ ಹೇಳಿಡಿ.

ಉಪಗ್ರಹದ ದಾರಿಗೂ ತಂತಿಯ ದಾರಿಗೂ ಇರುವ ಅಂತರ ಅರಿಯಲು ಲಕ್ಷದ್ವೀಪವನ್ನು ನೋಡಬೇಕು. ನಮ್ಮ ಹಳೆ ಬಂದರಿನಿಂದ ಮಂಜಿಗಳಲ್ಲಿ ಅಕ್ಕಿ, ತರಕಾರಿ, ಜಲ್ಲಿ ಹೋಗುವ ಆ ದ್ವೀಪಗಳು ವರ್ಷಗಟ್ಟಲೆ ಉಪಗ್ರಹವನ್ನೇ ನೆಚ್ಚಿಕೊಂಡಿದ್ದವು. ಇಡೀ ದ್ವೀಪಸಮೂಹಕ್ಕೆ ಸಿಗುತ್ತಿದ್ದದ್ದು 1.7 ಜಿಬಿಪಿಎಸ್. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲತಳದ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾದಾಗ ಅದು 200 ಜಿಬಿಪಿಎಸ್‌ಗೆ ಏರಿತು. ದ್ವೀಪಕ್ಕೆ ತಂತಿ ಎಳೆಯಬಹುದು, ಓಡುವ ಹಡಗಿಗೆ ಎಳೆಯಲಾಗದು.

ಇನ್ನು ದುಡ್ಡು ಸೋರುವ ಜಾಗ. ಎಷ್ಟೋ ಹಡಗುಗಳಲ್ಲಿ ಅವರದೇ ಸಣ್ಣ ಮೊಬೈಲ್ ಟವರು ಇರುತ್ತದೆ, ಅದರ ಬೆನ್ನಿಗೆ ಅದೇ ಉಪಗ್ರಹ. ದಡದಿಂದ ದೂರ ಸರಿದ ಮೇಲೆ ಅದನ್ನು ಚಾಲೂ ಮಾಡುತ್ತಾರೆ. ಕಿಸೆಯಲ್ಲಿರುವ ನಿಮ್ಮ ಫೋನು, ರೋಮಿಂಗ್ ತೆರೆದಿದ್ದರೆ, ತಾನಾಗಿಯೇ ಅದಕ್ಕೆ ಸೇರಿಕೊಂಡು ಫೋಟೋಗಳ ಬ್ಯಾಕಪ್ ಶುರುಮಾಡಬಹುದು. ನೆಲದ ರೋಮಿಂಗ್ ಪ್ಯಾಕು ಕಡಲಿಗೆ ಅನ್ವಯಿಸುವುದು ಅಪರೂಪ. ಬಿಲ್ಲು ಬಂದಾಗ ಎದೆ ಒಡೆಯುತ್ತದೆ. ಹಡಗು ಬಂದರಿನ ಬಾಯಿ ದಾಟುವ ಮೊದಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಆಮೇಲೆ ವೈಫೈ ಮಾತ್ರ ತೆರೆಯಿರಿ. ಬ್ಯಾಟರಿಯೂ ಉಳಿಯುತ್ತದೆ, ಸಿಗದ ಟವರನ್ನು ಹುಡುಕುವ ಫೋನಿನಷ್ಟು ಬೇಗ ಸೋಲುವುದು ಬೇರೆ ಇಲ್ಲ.

ಒಂದು ಸಂಗತಿಯನ್ನು ಎಷ್ಟೋ ಮಂದಿ ಮರೆಯುತ್ತಾರೆ. ಬ್ಯಾಂಕಿನ ಒಟಿಪಿ ಎಸ್‌ಎಂಎಸ್ ಆಗಿ ಬರುತ್ತದೆ, ಎಸ್‌ಎಂಎಸ್ ಬರುವುದು ಮೊಬೈಲ್ ಜಾಲದಲ್ಲಿ. ವೈಫೈ ಎಷ್ಟೇ ಚೆನ್ನಾಗಿದ್ದರೂ ಒಟಿಪಿ ಬಾರದೆ ಹೋಗಬಹುದು. ವೈಫೈ ಕಾಲಿಂಗ್ ಇದ್ದ ಕೆಲವು ಸಿಮ್ಮುಗಳಿಗಷ್ಟೇ ಆಸೆ ಇಟ್ಟುಕೊಳ್ಳಬಹುದು. ಹಾಗಾಗಿ ಸಾಲದ ಕಂತು, ಕರೆಂಟು ಬಿಲ್ಲು, ಮಕ್ಕಳ ಫೀಸು ಎಲ್ಲವನ್ನೂ ಹೊರಡುವ ಮುಂಚೆ ಮುಗಿಸಿ. ಇಂಟರ್ನೆಟ್ ಪ್ಯಾಕೇಜು ಒಂದು ಸಾಧನಕ್ಕೆ ಕೊಂಡರೂ ಮನೆಮಂದಿ ಒಬ್ಬರಾದ ಮೇಲೆ ಒಬ್ಬರು ಲಾಗೌಟ್ ಮಾಡಿ ಬಳಸಲು ಎಷ್ಟೋ ಹಡಗುಗಳಲ್ಲಿ ಅವಕಾಶವಿದೆ. ಕೋಣೆಯಲ್ಲಿ ವೈಫೈ ಮಂಕಾದರೆ ಓಣಿಗೆ ಬನ್ನಿ. ಗೋಡೆಗಳು ಉಕ್ಕಿನವು, ಅಲೆಗಳು ಅವನ್ನು ದಾಟವು.

ಸ್ನಾನದ ನೀರಿಗೆ ಮಾತ್ರ ಚಿಂತೆ ಬೇಡ. ಪಣಂಬೂರಿನ ಮಗ್ಗುಲಲ್ಲೇ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ತೈಲ ಕಂಪನಿ ಕಡಲ ನೀರನ್ನು ಸಿಹಿ ಮಾಡುವ ಘಟಕ ನಡೆಸುತ್ತಿದೆ, ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ್ದು. ಹಡಗಿನ ಹೊಟ್ಟೆಯಲ್ಲಿ ಅದರ ಪುಟ್ಟ ರೂಪವಿರುತ್ತದೆ. ಒಂದು ಬಗೆಯಲ್ಲಿ ಉಪ್ಪುನೀರನ್ನು ಭಾರೀ ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ತಳ್ಳುತ್ತಾರೆ. ಇನ್ನೊಂದು ಬಗೆಯಲ್ಲಿ ಗಾಳಿಯ ಒತ್ತಡ ಇಳಿಸಿ, ಎಂಜಿನ್ನಿನ ವ್ಯರ್ಥ ಶಾಖದಲ್ಲೇ ನೀರು ಕುದಿಯುವಂತೆ ಮಾಡಿ ಆವಿಯನ್ನು ತಣಿಸುತ್ತಾರೆ.

ವಾಂತಿಯ ವಿಷಯ. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತ ಕೂತವರಿಗೆ ಇದರ ಅನುಭವವಿದೆ. ಒಳಕಿವಿಯ ದ್ರವ ‘ಅಲುಗುತ್ತಿದ್ದೇವೆ’ ಎಂದು ಹೇಳುತ್ತದೆ. ಮೊಬೈಲನ್ನೋ ಗೋಡೆಯನ್ನೋ ನೋಡುವ ಕಣ್ಣು ‘ಇಲ್ಲ, ಸುಮ್ಮನಿದ್ದೇವೆ’ ಎನ್ನುತ್ತದೆ. ಮೆದುಳಿಗೆ ಈ ಜಗಳ ಬಗೆಹರಿಯದೆ ಹೊಟ್ಟೆ ತೊಳಸುತ್ತದೆ. ಮುಂದಿನ ರಸ್ತೆ ನೋಡುತ್ತಿರುವ ಡ್ರೈವರಿಗೆ ವಾಂತಿ ಬರುವುದಿಲ್ಲ. ಹಡಗಿನಲ್ಲೂ ಡೆಕ್ಕಿಗೆ ಬಂದು ಕಡಲಂಚಿನ ಗೆರೆ ನೋಡುತ್ತ ನಿಲ್ಲುವುದೇ ಮದ್ದು. ಕೋಣೆ ಆರಿಸುವಾಗ ನಡುಭಾಗದ, ಕೆಳಮಾಳಿಗೆಯದನ್ನು ಕೇಳಿ. ತೂಗುವ ಮರಹಲಗೆಯ ತುದಿಗಳು ಏರಿಳಿದಷ್ಟು ನಡು ಏರಿಳಿಯುವುದಿಲ್ಲ. ಅಂಥ ಕೋಣೆಗೆ ಬಾಡಿಗೆಯೂ ಹೆಚ್ಚಾಗಿ ಕಡಿಮೆಯೇ. ನೀರೊಳಗೆ ಹಡಗಿನ ಎರಡೂ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ಸ್ಥಿರಕಾರಿಗಳಿದ್ದು ತೂಗಾಟ ತಗ್ಗಿಸುತ್ತವೆ. ಗುಳಿಗೆ ಬೇಕೆನ್ನುವವರು ಡಾಕ್ಟರರನ್ನು ಕೇಳಿ, ಹೊಟ್ಟೆ ತೊಳಸುವ ಮೊದಲೇ ನುಂಗಬೇಕು.

ಸಾಮಾನು ಕಟ್ಟುವಾಗ ಎಲೆಕ್ಟ್ರಿಕ್ ಕೆಟ್ಲು, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡು ಇವನ್ನು ಮನೆಯಲ್ಲೇ ಬಿಡಿ. ಮನೆಯ ವೈರಿಂಗಿನಲ್ಲಿ ನ್ಯೂಟ್ರಲ್ ನೆಲಕ್ಕೆ ಕೂಡಿಕೊಂಡಿರುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಅಲ್ಲಿ ದೋಷವೊಂದು ತಲೆದೋರಿದರೆ ಸರ್ಜ್ ಪ್ರೊಟೆಕ್ಟರೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಡುಗಡಲಿನ ಬೆಂಕಿಗಿಂತ ಭಯದ್ದು ಇನ್ನೊಂದಿಲ್ಲ. ಇನ್ನೊಂದು ಎಚ್ಚರ, ಊಟದ ಮೊದಲು ಕೈಯನ್ನು ಸಾಬೂನು ಹಾಕಿ ತೊಳೆಯಿರಿ. ಹಡಗುಗಳಲ್ಲಿ ಬೇಗ ಹಬ್ಬುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಈಗ ಇನ್ಶೂರೆನ್ಸು. ಇದಕ್ಕೂ ಮಂಗಳೂರಿಗೂ ಹಳೆಯ ನಂಟಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್‌ನ ಪಾಲುದಾರರಿಗೆ ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದುಬಂದಿವೆ. ಆ ಕಾಲದ ವರ್ತಕರು ಸರಕನ್ನು ಒಂದೇ ಹಡಗಿಗೆ ಹೇರದೆ ಹಲವಕ್ಕೆ ಹಂಚಿ ಕಳಿಸುತ್ತಿದ್ದರು. ಒಂದು ಮುಳುಗಿದರೂ ಮನೆ ಮುಳುಗಬಾರದಲ್ಲ. ಇನ್ಶೂರೆನ್ಸ್ ಮಾಡುವುದೂ ನಷ್ಟವನ್ನು ಹಂಚುವ ಕೆಲಸವನ್ನೇ, ಹಡಗುಗಳ ಬದಲು ಜನರ ನಡುವೆ. ಸಾವಿರ ಪ್ರಯಾಣಿಕರಲ್ಲಿ ಒಬ್ಬರಿಗೆ 20 ಲಕ್ಷ ರೂಪಾಯಿಯ ಚಿಕಿತ್ಸೆ ಬೇಕಾಗುತ್ತದೆ ಅಂದುಕೊಳ್ಳಿ. ಯಾರಿಗೆಂದು ಯಾರೂ ಹೇಳಲಾರರು. ಆದರೆ ಲಕ್ಷ ಜನರನ್ನು ತೆಗೆದುಕೊಂಡರೆ ಸುಮಾರು ನೂರು ಮಂದಿಗೆ ಎಂದು ಧೈರ್ಯವಾಗಿ ಹೇಳಬಹುದು. ತಲಾ 2,000 ರೂಪಾಯಿ ಕೂಡಿಸಿದರೆ ಚಿಕಿತ್ಸೆಯ ಖರ್ಚು ಸರಿಹೋಗುತ್ತದೆ. ಕಂಪನಿಯ ಖರ್ಚು, ಲಾಭ ಅದರ ಮೇಲೆ. ಗುಂಪು ದೊಡ್ಡದಾದಷ್ಟೂ ಲೆಕ್ಕ ಗಟ್ಟಿ. ವಯಸ್ಸು ಎಷ್ಟು, ಶುಗರ್, ಬಿಪಿ ಇದೆಯೇ ಎಂದು ಕೇಳುವುದು ಈ ಲೆಕ್ಕಕ್ಕಾಗಿಯೇ. ಮುಚ್ಚಿಟ್ಟರೆ ಪ್ರೀಮಿಯಂ ಸ್ವಲ್ಪ ಉಳಿಯಬಹುದು, ಕ್ಲೇಮು ಹೊತ್ತಿಗೆ ಕೈಕೊಡುತ್ತದೆ.

ಹೆಜ್ಜೆಗೊಂದು ಮೆಡಿಕಲ್ ಕಾಲೇಜು ಇರುವ ಊರಿನವರಾದ ನಮಗೆ ಹಡಗಿನ ಆಸ್ಪತ್ರೆ ಎಷ್ಟು ಚಿಕ್ಕದೆಂದು ಊಹಿಸುವುದೂ ಕಷ್ಟ. ಅಲ್ಲಿ ಡಾಕ್ಟರು, ನರ್ಸು, ಇಸಿಜಿ, ಆಮ್ಲಜನಕ ಇರುತ್ತವೆ. ಹೃದಯಾಘಾತವಾದವರನ್ನು ಸ್ಥಿಮಿತಕ್ಕೆ ತಂದು ದಡ ಮುಟ್ಟಿಸುವುದು ಅದರ ಕೆಲಸ, ಆಪರೇಶನ್ ಅದರ ಕೆಲಸವಲ್ಲ. ಚಿಕಿತ್ಸೆಯ ಬಿಲ್ಲು ನಿಮ್ಮ ಕೋಣೆಯ ಲೆಕ್ಕಕ್ಕೆ ಸೇರುತ್ತದೆ. ಕ್ಯಾಶ್‌ಲೆಸ್ ಕಾರ್ಡು ಅಲ್ಲಿ ನಡೆಯುವುದು ಕಷ್ಟ. ಊರಿನ ಹೆಲ್ತ್ ಪಾಲಿಸಿಗಳು ಬಹುಪಾಲು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಆದ್ದರಿಂದ ಟ್ರಾವೆಲ್ ಪಾಲಿಸಿಯಲ್ಲಿ ನಾನು ಮೊದಲು ಹುಡುಕುವ ಸಾಲು, ರೋಗಿಯನ್ನು ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚಿನದು. ಹೆಲಿಕಾಪ್ಟರು, ಆಮೇಲೆ ಊರಿಗೆ ವಿಮಾನದಲ್ಲಿ ಜೊತೆಗೊಬ್ಬ ನರ್ಸು, ಇವುಗಳ ಖರ್ಚಿನ ಮುಂದೆ ಕಳೆದ ಸೂಟ್‌ಕೇಸಿನ ಪರಿಹಾರ ಏನೇನೂ ಅಲ್ಲ. ನಮ್ಮ ಕರಾವಳಿಯ ಸಮುದ್ರದಲ್ಲಾದರೆ ಪಣಂಬೂರಿನಲ್ಲೇ ನೆಲೆಯಿರುವ ಕೋಸ್ಟ್ ಗಾರ್ಡ್ ಇದೆ, ಅದರ ತುರ್ತು ಸಂಖ್ಯೆ 1554. ದೂರದ ನೀರಿನಲ್ಲಿ ಆ ಭರವಸೆ ಇರದು.

ಮುಂದಿನ ಸಾಲು, ಹಡಗು ಒಂದು ಬಂದರಿಗೆ ಹೋಗದೆ ಬಿಟ್ಟರೆ ಅಥವಾ ಹಾದಿ ಬದಲಿಸಿದರೆ ಏನು ಸಿಗುತ್ತದೆ ಎಂಬುದು. 2020ರ ಮಾರ್ಚಿನಲ್ಲಿ ಕೋವಿಡ್ ಭಯಕ್ಕೆ ಪ್ರವಾಸಿ ಹಡಗೊಂದನ್ನು ನವಮಂಗಳೂರು ಬಂದರಿಗೆ ಬಿಟ್ಟುಕೊಳ್ಳಲಿಲ್ಲ. ಮಂಗಳೂರು ನೋಡಲು ದುಡ್ಡು ಕೊಟ್ಟಿದ್ದವರು ಮುಂದೆ ಸಾಗಬೇಕಾಯಿತು. ಮುಂಬೈಯಿಂದ ಹತ್ತುವವರು ಒಂದು ದಿನ ಮೊದಲೇ ಅಲ್ಲಿಗೆ ತಲುಪಿರಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾಯಿತೆನಿಸಿದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಯಿದೆ, 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ವಕೀಲರು ಬೇಡ.

ಇಷ್ಟೆಲ್ಲ ಮಾಡಿ ಪಾಲಿಸಿಯನ್ನು ಫೋನಿನಲ್ಲೇ ಇಟ್ಟುಕೊಂಡು ಹೋಗುವವರಿದ್ದಾರೆ. ಬೇಕಾದ ಗಳಿಗೆಗೆ ಸಿಗ್ನಲ್ ಇರುವುದಿಲ್ಲ, ಕಡತ ತೆರೆಯುವುದಿಲ್ಲ. ಪಾಲಿಸಿಯ ನಂಬರು, ಕಂಪನಿಯ 24 ಗಂಟೆಯ ಸಹಾಯವಾಣಿ, ತಿನ್ನುವ ಮಾತ್ರೆಗಳ ಹೆಸರು, ಊರಿನಲ್ಲಿರುವ ಮಗನದೋ ತಂಗಿಯದೋ ಫೋನ್ ನಂಬರು, ಇವನ್ನು ಒಂದು ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ, ಪಾಸ್‌ಪೋರ್ಟಿನ ನಡುವೆ ಇಡಿ. ಇನ್ನೊಂದು ಪ್ರತಿ ಮನೆಯ ಫ್ರಿಜ್ಜಿನ ಮೇಲಿರಲಿ.