ಜಾವಾ ಸ್ಲೋ ನಿಲ್ಲುತ್ತಿಲ್ಲವೇ?

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು ಮೆಕ್ಯಾನಿಕ್ ಬಳಿ ಹೆಚ್ಚಾಗಿ ಒಯ್ಯುವ ದೂರು ಒಂದೇ: ‘ಗಾಡಿ ಸ್ಲೋ ನಿಲ್ತಿಲ್ಲ.’ ಅಂದರೆ, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ನಿಧಾನವಾಗಿ, ಒಂದೇ ಸಮನೆ ಓಡುತ್ತಿಲ್ಲ. ಕೆಲವರ ಗಾಡಿ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತದೆ. ಇನ್ನು ಕೆಲವರದು, ಬಿಟ್ಟರೂ ರೇಸ್ ಇಳಿಯದೆ ಕಿರುಚುತ್ತಲೇ ಇರುತ್ತದೆ. ದೂರು ಒಂದಾದರೂ ಕಾಯಿಲೆ ಬೇರೆ. ಅದನ್ನು ಕಿವಿಯಿಂದಲೇ ಹಿಡಿಯಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ.

ಈ ವಿದ್ಯೆಯ ತವರು ಮೈಸೂರು. ಝೆಕ್ ಕಂಪನಿಯ ಸಹಯೋಗದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲಿ ಬೈಕ್ ತಯಾರಿಕೆ ಶುರುಮಾಡಿತು. 1970ರ ದಶಕದಲ್ಲಿ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಉಳಿದವು, ಅವುಗಳ ನಾಡಿ ಬಲ್ಲ ಕೈಗಳೂ ಉಳಿದವು.

ಬಲ್ಲವರು ಮೊದಲು ನೋಡುವುದು, ಇದು ನಿಜಕ್ಕೂ ದೋಷವೇ ಎಂದು. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಸ್ಲೋದಲ್ಲಿರುವಾಗ ಸುಟ್ಟ ಹೊಗೆ ಸಿಲಿಂಡರಿನಿಂದ ಪೂರ್ತಿ ಹೊರಹೋಗುವುದಿಲ್ಲ. ಹಾಗಾಗಿ ಎಲ್ಲ ಸುತ್ತಿನಲ್ಲೂ ಬೆಂಕಿ ಹೊತ್ತುವುದಿಲ್ಲ, ನಡುನಡುವೆ ಒಂದೊಂದು ಬಡಿತ ತಪ್ಪುತ್ತದೆ. ಆ ಡುಗ್‌ ಡುಗ್‌ ಅದರ ಸಹಜ ದನಿ. ಕಾರಿನಂತೆ ನಯವಾಗಿ ನಿಲ್ಲಲಿ ಎಂದು ಸ್ಕ್ರೂ ತಿರುಗಿಸುತ್ತಾ ಹೋದವರು ಇದ್ದ ಟ್ಯೂನಿಂಗನ್ನೂ ಕೆಡಿಸಿಕೊಳ್ಳುತ್ತಾರೆ.

ನಿಜಕ್ಕೂ ದೋಷವಿದ್ದರೆ ಮುಂದಿನ ಪ್ರಶ್ನೆ: ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯೇರಿದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಹೊತ್ತಿಕೊಂಡರೆ ಇಗ್ನಿಷನ್‌ನ ಕಂಡೆನ್ಸರ್ ಮೇಲೆ ಅನುಮಾನ. ಇಗ್ನಿಷನ್‌ನ ಕಾಂಟ್ಯಾಕ್ಟ್ ಪಾಯಿಂಟ್ ತೆರೆಯುವಲ್ಲಿ ದೊಡ್ಡ ಕಿಡಿ ಹಾರುತ್ತಿದ್ದರೆ ಅನುಮಾನ ಗಟ್ಟಿಯಾಯಿತು. ಪಾಯಿಂಟ್ ಸುಟ್ಟಿದ್ದರೆ ತಿಕ್ಕಿ, ಫೀಲರ್ ಗೇಜ್ ಇಟ್ಟು ಸುಮಾರು 0.4 ಮಿಲಿಮೀಟರ್ ಅಂತರ ಕೊಡಬೇಕು. ಪ್ಲಗ್ ಬಿಚ್ಚಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಕಾಫಿ ಬಣ್ಣವಿದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಸಾಲದು. ಬೆಳ್ಳಗಿದ್ದರೆ ಗಾಳಿ ಹೆಚ್ಚು.

ಕಾರ್ಬುರೇಟರಿಗೆ ಕೈ ಹಾಕುವುದು ಇದೆಲ್ಲ ಆದ ಮೇಲೆ. ಎಲ್ಲರೂ ಮೊದಲು ಬೈಯುವುದು ಅದನ್ನೇ, ಪಾಪ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಾದರೆ ತಪ್ಪು ಅದರದ್ದೇ ಇರಬಹುದು. ಒಣಗಿದ ಪೆಟ್ರೋಲಿನ ಅಂಟು ಸ್ಲೋ ಜೆಟ್‌ನ ಕೂದಲೆಳೆಯಷ್ಟು ಸಣ್ಣ ತೂತನ್ನು ಮುಚ್ಚಿಬಿಡುತ್ತದೆ. ಆಗ ರೇಸ್ ಕೊಟ್ಟರೆ ಓಡುವ ಗಾಡಿ ಸ್ಲೋದಲ್ಲಿ ಸಾಯುತ್ತದೆ. ತೂತಿಗೆ ತಂತಿ ಚುಚ್ಚಬಾರದು, ದೊಡ್ಡದಾದರೆ ಅಳತೆ ಶಾಶ್ವತವಾಗಿ ಹೋಯಿತು. ಗಾಳಿ ಹೊಡೆದೇ ಬಿಡಿಸಬೇಕು.

ನಿಜವಾಗಿ ಹೆದರಬೇಕಾದದ್ದು ಇಳಿಯದ ರೇಸ್‌ಗೆ. ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡಿಲ್ಲವೆಂದಾದರೆ, ಎಲ್ಲೋ ‘ಏರ್ ಎಳೀತಿದೆ’ ಎಂದರ್ಥ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಇರುವ ಗೂಡೇ ಪೆಟ್ರೋಲ್ ಮಿಶ್ರಣವನ್ನು ಎಳೆದು ಮೇಲಕ್ಕೆ ತಳ್ಳುವ ಪಂಪು. ಅದರ ಎರಡೂ ಬದಿಯ ಆಯಿಲ್ ಸೀಲ್‌ಗಳು ಬಿಗಿಯಾಗಿರಲೇಬೇಕು. ಬಲಗಡೆ, ಡೈನಮೋ ಬದಿಯ ಸೀಲ್ ಹೋದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಡಗಡೆ, ಕ್ಲಚ್ ಬದಿಯದು ಹೋದರೆ ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ. ಸೈಲೆನ್ಸರ್ ತುಂಬ ಹೊಗೆ, ದಿನೇದಿನೇ ಆಯಿಲ್ ಕಡಿಮೆ. ಕಾರ್ಬುರೇಟರ್ ಕೂರುವ ಜಾಗದ ಪ್ಯಾಕಿಂಗ್ ಸಡಿಲವಾದರೂ ಗಾಳಿ ನುಗ್ಗುತ್ತದೆ. ಅಲ್ಲಿ ಗ್ರೀಸ್ ಮೆತ್ತಿ ನೋಡಿ, ರೇಸ್ ಇಳಿದರೆ ಕಳ್ಳ ಸಿಕ್ಕ. ಕೆಲವರು ಪೆಟ್ರೋಲ್ ಎರಚಿ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ದಯವಿಟ್ಟು ಬೇಡ.

ತೆಳು ಮಿಶ್ರಣದಲ್ಲಿ ಹಾಗೇ ಓಡಿಸಿದರೆ ಎಂಜಿನ್ ಮಿತಿಮೀರಿ ಕಾದು, ಹೈವೇ ಮಧ್ಯೆ ಪಿಸ್ಟನ್ ಜಾಮ್ ಆಗುತ್ತದೆ. ಸ್ಲೋದ ದನಿ ಕೆಟ್ಟಿದ್ದು ಮುನ್ಸೂಚನೆ ಎನ್ನುವುದು ಇದಕ್ಕೇ. ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಸೀಲ್, ಪೈಪುಗಳ ಮೇಲೆ ಇನ್ನೂ ಹೆಚ್ಚು ಕಣ್ಣಿಡಬೇಕು.

ಇಂಥ ಮೆಕ್ಯಾನಿಕ್‌ಗಳು ಬೋರ್ಡು ನೋಡಿ ಸಿಗುವವರಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಂದು ಸೇರುವ ಗಾಡಿಗಳ ಮಾಲೀಕರನ್ನು ಕೇಳಿದರೆ ವಿಳಾಸ ಸಿಗುತ್ತದೆ. ಹೋದಾಗ ‘ಕಾರ್ಬುರೇಟರ್ ಕ್ಲೀನ್ ಮಾಡಿ’ ಎಂದು ಆದೇಶ ಕೊಡಬೇಡಿ. ಗಾಡಿ ಯಾವಾಗ, ಹೇಗೆ ನಿಲ್ಲುತ್ತದೆ ಎಂದಷ್ಟೇ ಹೇಳಿ, ಅವರ ಪಕ್ಕದಲ್ಲಿ ನಿಂತು ನೋಡಿ.