ಪಿತ್ತದ ತಲೆನೋವು ಹೊಟ್ಟೆಯದಲ್ಲ

ಎದ್ದಾಗಿನಿಂದ ತಲೆಯ ಒಂದು ಪಕ್ಕ ಸಿಡಿಯುತ್ತಿರುತ್ತದೆ. ಬೆಳಕು ಕಂಡರಾಗದು, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ಮಧ್ಯಾಹ್ನ ಹಳದಿ ನೀರು ವಾಂತಿಯಾಗಿ ತುಸು ಹಗುರವೆನಿಸಿದಾಗ ಮನೆಯ ಹಿರಿಯರು, ‘ಪಿತ್ತ ಇಳೀತು ಬಿಡು’ ಎನ್ನುತ್ತಾರೆ. ಅವರು ಲಕ್ಷಣ ಗುರುತಿಸಿದ್ದು ಸರಿ, ಹೇಳಿದ ಕಾರಣ ತಪ್ಪು. ಇದು ಬಹುಪಾಲು ಮೈಗ್ರೇನ್. ಶುರುವಾಗುವುದು ಮೆದುಳಿನ ನರಗಳಲ್ಲಿ. ಆ ಹೊತ್ತಿನಲ್ಲಿ ಜಠರದ ಕೆಲಸವೂ ನಿಧಾನವಾಗುತ್ತದೆ, ವಾಕರಿಕೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ವಾಂತಿಯಾದರೆ ಯಾರಿಗಾದರೂ ಹಳದಿ ನೀರು ಬರಬಹುದು. ನೋವು ಬಲಿತ ಮೇಲೆ ನುಂಗಿದ ಮಾತ್ರೆ ಸರಿಯಾಗಿ ನಾಟದಿರುವುದಕ್ಕೂ ಜಠರದ ಈ ಮಂದಗತಿ ಒಂದು ಕಾರಣ. ಆರಂಭದಲ್ಲೇ ತೆಗೆದುಕೊಂಡು ಕತ್ತಲ ಕೋಣೆಯಲ್ಲಿ ಮಲಗುವುದು ಮೇಲು.

ಹಣೆಯ ಸುತ್ತ ಪಟ್ಟಿ ಬಿಗಿದಂತಾಗುವ, ಕುತ್ತಿಗೆ ಹಿಡಿಯುವ ನೋವು ಬೇರೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಬಾಮ್, ಬಿಸಿನೀರಿನ ಶಾಖ, ಒಳ್ಳೆಯ ನಿದ್ದೆ ಇದಕ್ಕೆ ಸಾಕಾಗುವುದುಂಟು.

‘ತಲೆನೋವಿದೆ, ಬಿಪಿ ಏರಿರಬೇಕು’ ಎಂಬುದು ಇನ್ನೊಂದು ನಂಬಿಕೆ. ಬಿಪಿ 180/120 ದಾಟಿದಾಗ ನೋವು ಬರಬಹುದು. ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಸುಳಿವೇ ಸಿಗದು. ನನಗೆ ಭಯವಿರುವುದು ಈ ನಂಬಿಕೆಯ ಮತ್ತೊಂದು ಮುಖದ ಬಗ್ಗೆ: ತಲೆ ನೋಯುತ್ತಿಲ್ಲವೆಂದು ಬಿಪಿ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ.

ಏಕಾದಶಿಯ ತಲೆನೋವನ್ನು ಉಪವಾಸದ ಲೆಕ್ಕಕ್ಕೇ ಬರೆಯುತ್ತೇವೆ. ಹಸಿವಿನ ಪಾಲೂ ಇದೆ, ನಿಜ. ಆದರೆ ದಿನಕ್ಕೆ ಮೂರು ನಾಲ್ಕು ಲೋಟ ಕಾಫಿ ಕುಡಿಯುವವರು ಅದನ್ನೂ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ.

ಅತಿ ದುಬಾರಿಯಾಗುವ ತಪ್ಪು ಕಲ್ಪನೆ, ‘ಒಂದು ಮಾತ್ರೆ ತಾನೇ, ಏನಾಗುತ್ತೆ?’ ಎಂಬುದು. ಮೆಡಿಕಲ್ ಶಾಪಿನಲ್ಲಿ ‘ತಲೆನೋವಿಗೆ ಎರಡು ಕೊಡಿ’ ಎಂದರೆ ಹಾಳೆಯಿಂದ ಕತ್ತರಿಸಿ ಕೊಡುತ್ತಾರೆ, ಚೀಟಿ ಕೇಳುವುದಿಲ್ಲ. ಬರೀ ಪ್ಯಾರಾಸಿಟಮಾಲನ್ನು ತಿಂಗಳಿಗೆ 15 ದಿನ, ಹಲವು ಔಷಧ ಬೆರೆತದ್ದನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ, ಮೊದಲೇ ತಲೆನೋವಿನ ಕಾಟವಿದ್ದವರಿಗೆ ಆ ಮಾತ್ರೆಯೇ ಹೊಸ ನೋವು ಹುಟ್ಟಿಸಬಹುದು. ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಹೆಚ್ಚಾಗಿ, ಮತ್ತೆ ಮಾತ್ರೆಗೇ ಕೈ ಹೋಗುತ್ತದೆ. ಅದಕ್ಕೇ ವೈದ್ಯರ ನೆರವಿನಿಂದ ಬಿಡಬೇಕು. ಕ್ಯಾಲೆಂಡರಿನಲ್ಲಿ ನೋವಿನ ದಿನವನ್ನೂ ಮಾತ್ರೆಯ ದಿನವನ್ನೂ ಗುರುತು ಹಾಕಿಕೊಂಡು ಹೋದರೆ ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಒಮ್ಮೆಲೇ ಹಿಂದೆಂದೂ ಕಾಣದಷ್ಟು ಜೋರಾಗಿ ಬಂದ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ನಂತರ ಹೆಚ್ಚುತ್ತಲೇ ಹೋಗುವ ನೋವು: ಇವಕ್ಕೆ ಬಾಮ್ ತಿಕ್ಕುತ್ತ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.